ತೊಂಬತ್ತನಾಲ್ಕರ ಗೋಡೆ

ಕೈ ಹಿಡಿದು ನಾಡಿ ನೋಡಿಯೇ ಪಿತ್ತವೋ ವಾತವೋ ಹೇಳುವ ಪಂಡಿತರೊಬ್ಬರು ನಮ್ಮೂರಲ್ಲಿದ್ದರು. ನನಗೆ ಆ ವಿದ್ಯೆ ಬರುವುದಿಲ್ಲ. ಆದರೆ ಒಂದೇ ಒಂದು ನಾಡಿ ನನಗೂ ಗೊತ್ತು. ಯಾರಾದರೂ ಇಂಟರ್ನೆಟ್ ಸ್ಪೀಡ್ ಟೆಸ್ಟಿನ ಫೋಟೊ ಕಳಿಸಿ, ಅದರಲ್ಲಿ 94 ಚಿಲ್ಲರೆ ಅಂಕಿ ಕಂಡರೆ, ಮನೆ ನೋಡದೆ ಲ್ಯಾಪ್‌ಟಾಪ್ ಮುಟ್ಟದೆ ರೋಗ ಹೇಳಿಬಿಡುತ್ತೇನೆ: ಎಲ್ಲೋ ಒಂದು ಕಡೆ 100ರ ಕಿಂಡಿ ಇದೆ.

ಹೋದ ತಿಂಗಳು ತಂಗಿಯ ಮಗ ಕಳಿಸಿದ್ದು ಅಂಥದೇ ಫೋಟೊ. 94.3. ತೀರ್ಥಹಳ್ಳಿಯ ಹತ್ತಿರದ ಅವರ ಮನೆಗೆ 200 ಎಂಬಿಪಿಎಸ್ ಪ್ಲಾನ್ ಹಾಕಿಸಿ ನಾಲ್ಕೇ ದಿನ ಆಗಿತ್ತು. “ಮಾವ, ಇವರು ಅರ್ಧಕ್ಕರ್ಧ ತಿಂತಿದಾರೆ. ಕಂಪ್ಲೇಂಟ್ ಕೊಡಲಾ, ಇಲ್ಲಾ ಲ್ಯಾಪ್‌ಟಾಪೇ ಬದಲಾಯಿಸಲಾ? ಹೆಂಗಿದ್ರೂ ಹಳೇದಾಯ್ತು.” ಕೊನೆಯ ಮಾತಿನಲ್ಲೇ ಹುಡುಗನ ಒಳಾಸೆ ಇತ್ತು. ಸಾಲದ್ದಕ್ಕೆ ಎರಡು ಹೊಸ ಲ್ಯಾಪ್‌ಟಾಪಿನ ವಿವರವನ್ನೂ ಜೊತೆಗೆ ಕಳಿಸಿದ್ದ. ಒಂದರಲ್ಲಿ 1000 ಎಂಬಿಪಿಎಸ್‌ನ ಲ್ಯಾನ್ ಪೋರ್ಟ್. ಇನ್ನೊಂದು ನಾಲ್ಕು ಸಾವಿರ ಅಗ್ಗ, ತೆಳ್ಳಗೆ, ನೋಡಲು ಚೆಂದ, ಆದರೆ ಲ್ಯಾನ್ ಪೋರ್ಟೇ ಇಲ್ಲ. “ಯಾವುದು ತಗೊಳ್ಲಿ ಹೇಳಿ.”

ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ಜನ ಕಣ್ಣಾಡಿಸುವುದು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಹೆಚ್ಚೆಂದರೆ ಪರದೆ. ಪೋರ್ಟುಗಳ ಸಾಲಿಗೆ ಬರುವ ಹೊತ್ತಿಗೆ ಅಂಗಡಿಯವನು ಬಿಲ್ ಬರೆಯುತ್ತಿರುತ್ತಾನೆ. ನನಗೋ ಆ ಕಡೆಯ ಸಾಲೇ ಮೊದಲು ಕಾಣುವುದು. ಹಿಂದೊಮ್ಮೆ ಕೀಬೋರ್ಡಿನ ಗುಂಡಿಗಳ ಬಗ್ಗೆ ಬರೆದಾಗ ಓದುಗರೊಬ್ಬರು, “ಇವರಿಗೆ ಬೇರೆ ಕೆಲಸ ಇಲ್ಲ” ಎಂದಿದ್ದರು. ಇಲ್ಲ, ನಿಜ.

ಮೊದಲು ಈ 94ರ ಕಥೆ. ಅಡಿಕೆ ಮಂಡಿಯಲ್ಲಿ ಚೀಲದ ತೂಕ ಕಳೆದೇ ಅಡಿಕೆಯ ಲೆಕ್ಕ ಹಾಕುತ್ತಾರಲ್ಲ, ತಂತಿಯ ಮೇಲೂ ಹಾಗೆ. ಮಾಹಿತಿ ಹೋಗುವುದು 1500 ಬೈಟ್‌ಗಳ ಮೂಟೆಗಳಾಗಿ. ಒಂದೊಂದು ಮೂಟೆಯ ಹೊರಗೆ ತಲೆಪಟ್ಟಿ, ಬಾಲಪಟ್ಟಿ, ಮುಂದಿನ ಮೂಟೆಗೆ ಮೊದಲು ಬಿಡಬೇಕಾದ ಜಾಗ ಎಲ್ಲ ಸೇರಿ ಇನ್ನೂ 38 ಬೈಟ್. ಒಳಗೆ ಎಲ್ಲಿಂದ ಎಲ್ಲಿಗೆ ಎಂಬ ವಿಳಾಸಕ್ಕೆ 40 ಅಥವಾ 52. ಎಂದರೆ 1538 ಬೈಟ್ ಸಾಗಿದರೆ ಅದರಲ್ಲಿ ಅಡಿಕೆ 1448ರಿಂದ 1460. ಭಾಗಿಸಿ ನೋಡಿ, ನೂರಕ್ಕೆ 94 ಚಿಲ್ಲರೆ. 100 ಎಂಬಿಪಿಎಸ್ ಪೋರ್ಟಿನಲ್ಲಿ ದೇವರೇ ಬಂದರೂ 95ರ ಮೇಲೆ ಹೋಗುವುದಿಲ್ಲ. 1000ದ, ಎಂದರೆ ಗಿಗಾಬಿಟ್ ಪೋರ್ಟಿನಲ್ಲಿ ಇದೇ ಗೋಡೆ 940ರ ಆಸುಪಾಸಿನಲ್ಲಿದೆ. ಲೈನಿನಲ್ಲೇ ತೊಂದರೆ ಇದ್ದರೆ ಅಂಕಿ 60 ತೋರಿಸುತ್ತದೆ, ಆಮೇಲೆ 130, ಮತ್ತೆ 85, ಕುಣಿಯುತ್ತಿರುತ್ತದೆ. ಹತ್ತು ಸಲ ನೋಡಿದರೂ 94ಕ್ಕೇ ಬಂದು ನಿಂತರೆ ಅದು ಲೈನಿನ ದೋಷ ಅಲ್ಲ, ಗೋಡೆ.

ಗೋಡೆ ಎಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಆರೋಪಿಗಳು ಮೂವರು: ಲ್ಯಾಪ್‌ಟಾಪು, ವೈರು, ಗೋಡೆಗೆ ತೂಗುಹಾಕಿದ ಫೈಬರ್ ಡಬ್ಬಿ. ಲ್ಯಾಪ್‌ಟಾಪಿನ ವಿಚಾರಣೆ ಫೋನಿನಲ್ಲೇ ಮುಗಿಯಿತು. ಡಿವೈಸ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಅಡಾಪ್ಟರ್ ಹೆಸರು ಓದಲು ಹೇಳಿದೆ. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿರುವುದು ರಿಯಲ್‌ಟೆಕ್ ಚಿಪ್. ಹೆಸರಿನಲ್ಲಿ ‘ಎಫ್‌ಇ’ ಎಂದಿದ್ದರೆ ಅದು 100ರದ್ದು, ‘ಜಿಬಿಇ’ ಎಂದಿದ್ದರೆ 1000ದ್ದು. ಹುಡುಗನದು ಜಿಬಿಇ. ಅವನ ದನಿ ಅಲ್ಲೇ ಸ್ವಲ್ಪ ಇಳಿಯಿತು.

ಇನ್ನು ಡಬ್ಬಿ. ಇದರಲ್ಲಿ ಒಂದು ಚಾಲಾಕಿತನ ಇರುತ್ತದೆ. ಎಷ್ಟೋ ಫೈಬರ್ ಡಬ್ಬಿಗಳ ಹಿಂದೆ ಒಂದೇ ಥರ ಕಾಣುವ ಎರಡೋ ನಾಲ್ಕೋ ಕಿಂಡಿಗಳು. ಅವುಗಳಲ್ಲಿ ಒಂದು ಮಾತ್ರ ಗಿಗಾಬಿಟ್, ಉಳಿದವು 100. ಬಣ್ಣವೂ ಒಂದೇ, ಕೆಳಗೆ ಬರೆದ ಅಕ್ಷರ ಇರುವೆ ಗಾತ್ರ. ರೂಟರ್‌ಗಳದ್ದು ಇನ್ನೊಂದು ತಮಾಷೆ: ಡಬ್ಬದ ಮೇಲೆ 300 ಎಂದು ದಪ್ಪಕ್ಷರದಲ್ಲಿ ಬರೆದು ಮಾರುವ ಅಗ್ಗದ ರೂಟರಿನ ಹಿಂದಿನ ಐದೂ ಪೋರ್ಟುಗಳು 100ರವು. ಆ 300 ವೈಫೈನ ಕಾಗದದ ಲೆಕ್ಕ. ಒಳಗೆ ಬರುವ ಬಾಗಿಲೇ 100 ಆದಮೇಲೆ ಹಜಾರ ಎಷ್ಟು ದೊಡ್ಡದಿದ್ದರೇನು? ಇಂಥ ಡಬ್ಬಿ ಇಟ್ಟುಕೊಂಡು ಲ್ಯಾಪ್‌ಟಾಪಿನ ಪೋರ್ಟು 1000ವೋ 2500ವೋ ಎಂದು ಚರ್ಚೆ ಮಾಡುವವರನ್ನು ನಾನು ಕಂಡಿದ್ದೇನೆ. ತಂಗಿ ಮನೆಯ ಡಬ್ಬಿಯಲ್ಲಿ ವೈರು ಸರಿಯಾದ ಕಿಂಡಿಯಲ್ಲೇ ಇತ್ತು.

ಉಳಿದದ್ದು ವೈರು. ವೈರನ್ನು ಫೋನಿನಲ್ಲಿ ನೋಡಲಾಗುವುದಿಲ್ಲ. ಹೇಗೂ ತಂಗಿ ಕೊಟ್ಟೆ ಕಡುಬಿಗೆ ಕರೆದು ತಿಂಗಳಾಗಿತ್ತು. ಭಾನುವಾರ ಹೊರಟೆ.

ಡಬ್ಬಿ ಇದ್ದದ್ದು ಜಗಲಿಯಲ್ಲಿ, ಹುಡುಗ ಕೂರುವುದು ಮಾಳಿಗೆಯಲ್ಲಿ. ಹಳೆ ಮನೆ, ಮುಕ್ಕಾಲು ಮೊಳದ ಮಣ್ಣಿನ ಗೋಡೆ. ವೈಫೈ ಅದರೊಳಗೆ ತೂರುವಷ್ಟರಲ್ಲಿ ಸುಸ್ತು. ಅದಕ್ಕೇ ಕೇಬಲ್ ಹುಡುಗರು ಲ್ಯಾನ್ ವೈರನ್ನು ಕಿಟಕಿಯಿಂದ ಹೊರಗೆ ತೆಗೆದು, ಸೂರಿನ ಕೆಳಗೆ ಎಳೆದು, ಮೇಲಿನ ಕಿಟಕಿಯಿಂದ ಒಳಗೆ ಬಿಟ್ಟಿದ್ದರು. ಮೇಲಿನ ಕಿಟಕಿಯ ಬಾಗಿಲು ರಾತ್ರಿ ಹಾಕುವಾಗಲೆಲ್ಲ ವೈರನ್ನು ಕಚ್ಚುತ್ತಿತ್ತು. ಕಚ್ಚಿದ ಕಡೆ ವೈರು ಚಪ್ಪಟೆಯಾಗಿ ದೋಸೆಯ ಅಂಚಿನಂತೆ ಮಿರುಗುತ್ತಿತ್ತು.

ಲ್ಯಾನ್ ವೈರಿನ ಒಳಗೆ ಎಂಟು ಎಳೆ, ಎರಡೆರಡು ಹೆಣೆದುಕೊಂಡ ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಬೇಕಾದದ್ದು ಎರಡೇ ಜೋಡಿ, ಕಿತ್ತಳೆ ಮತ್ತು ಹಸಿರು. ನೀಲಿ ಮತ್ತು ಕಂದು ಜೋಡಿಗಳು ಸುಮ್ಮನೆ ಜೊತೆಗೆ ಬರುತ್ತವೆ, ಮದುವೆಗೆ ಬಂದ ದೂರದ ನೆಂಟರ ಹಾಗೆ. ಗಿಗಾಬಿಟ್‌ಗೆ ಮಾತ್ರ ನಾಲ್ಕೂ ಜೋಡಿ ದುಡಿಯಲೇಬೇಕು. ಒಂದೇ ಒಂದು ಕಂದು ಎಳೆ ತುಂಡಾಗಿದ್ದರೂ ಸಾಕು. ಎರಡೂ ತುದಿಯ ಚಿಪ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಆಗದ ಕೆಲಸ ಬೇಡ ಎಂದು 100ಕ್ಕೆ ಇಳಿದು ರಾಜಿ ಮಾಡಿಕೊಳ್ಳುತ್ತವೆ. ಯಾರಿಗೂ ಹೇಳುವುದಿಲ್ಲ. ಇಂಟರ್ನೆಟ್ ನಡೆಯುತ್ತಲೇ ಇರುತ್ತದೆ, ದೀಪ ಮಿನುಗುತ್ತಲೇ ಇರುತ್ತದೆ. ಕಾಯಿಲೆ ಗೊತ್ತಾಗುವುದು 200ರ ಪ್ಲಾನ್ ಹಾಕಿಸಿದಾಗ.

ಬ್ಯಾಗಿನಿಂದ ಕ್ರಿಂಪಿಂಗ್ ಇಕ್ಕಳ ತೆಗೆದೆ. ಕಚ್ಚಿದ ಭಾಗ ಕತ್ತರಿಸಿ ತೆಗೆದು, ಸಿಪ್ಪೆ ಸುಲಿದು, ಎಳೆಗಳನ್ನು ಬಿಡಿಸಿ, ಹೆಬ್ಬೆರಳು ತೋರುಬೆರಳ ನಡುವೆ ನೀವಿ ನೆಟ್ಟಗೆ ಮಾಡಿ ಸಾಲಿಗೆ ನಿಲ್ಲಿಸಿದೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಮಗ್ಗಿಯಂತೆ ಬಾಯಿಗೆ ಬರುತ್ತದೆ, ಆದರೂ ಹಸಿರು ಜೋಡಿಯನ್ನು ಬೇರೆ ಮಾಡಿ ನಡುವೆ ನೀಲಿ ಕೂರಿಸುವಾಗ ಪ್ರತಿ ಸಲವೂ ಒಂದು ಕ್ಷಣ ನಿಲ್ಲುತ್ತೇನೆ. ತುದಿಯನ್ನು ಒಂದೇ ಸಮ ಕತ್ತರಿಸಿ, ಪ್ಲಾಸ್ಟಿಕ್ ತಲೆಯೊಳಗೆ ತಳ್ಳಿ, ಎಂಟೂ ತಾಮ್ರದ ಚುಕ್ಕಿಗಳು ಎದುರಿಗೆ ಕಂಡಮೇಲೆ ಇಕ್ಕಳ ಒತ್ತಿದೆ. ‘ಕಟಕ್’ ಎಂಬ ಆ ಶಬ್ದ ಕೇಳಿದರೆ ನನಗೆ ಈಗಲೂ ಖುಷಿ. ಹುಡುಗ ಟೆಸ್ಟ್ ಹಾಕಿದ. ಮುಳ್ಳು 94 ದಾಟಿ, ನೂರೈವತ್ತು ದಾಟಿ, ಇನ್ನೂರರ ಹತ್ತಿರ ಹೋಗಿ ನಿಂತಿತು. “ಹಾಗಾದ್ರೆ ಲ್ಯಾಪ್‌ಟಾಪ್ ಸರಿ ಇದೆಯಾ?” ಎಂದ. ಇಷ್ಟು ಬೇಜಾರಿನ ಮುಖದಲ್ಲಿ ಯಾರೂ ಒಳ್ಳೆ ಸುದ್ದಿ ಕೇಳಿದ್ದಿಲ್ಲ.

ಹಾಗೆಂದು ಅವನ ಪ್ರಶ್ನೆ ಮುಗಿಯಲಿಲ್ಲ. ಹೊಸ ಲ್ಯಾಪ್‌ಟಾಪ್ ಇವತ್ತಲ್ಲ ನಾಳೆ ತೆಗೆದುಕೊಳ್ಳಲೇಬೇಕು. ಆಗ ಈ ಪೋರ್ಟಿನ ಅಂಕಿಗೆ ಎಷ್ಟು ಬೆಲೆ ಕೊಡಬೇಕು?

ಬರೀ ಇಂಟರ್ನೆಟ್‌ಗೆ ಎಂದಾದರೆ, ಹೆಚ್ಚು ಬೇಡ. ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್ ಬಂದರೆ ಅದು ಬ್ರಾಡ್‌ಬ್ಯಾಂಡ್. 2023ರ ಜನವರಿಗೆ ಮೊದಲು ಅರ್ಧ ಎಂಬಿಪಿಎಸ್‌ಗೂ ಆ ಗೌರವ ಇತ್ತು. ವಿಡಿಯೊ ಕಾಲ್‌ಗೆ ನಾಲ್ಕೈದು ಎಂಬಿಪಿಎಸ್ ಧಾರಾಳ. 4ಕೆ ಸಿನಿಮಾಕ್ಕೆ 25 ಇದ್ದರೆ ಮಿಕ್ಕುತ್ತದೆ. ಆಟ ಆಡುವ ಹುಡುಗರು ಗಿಗಾಬಿಟ್ ಇದ್ದರೆ ಪಿಂಗ್, ಎಂದರೆ ಸರ್ವರ್ ತನಕ ಹೋಗಿ ಬರುವ ಹೊತ್ತು, ಇಳಿಯುತ್ತದೆ ಎನ್ನುತ್ತಾರೆ. ಒಂದು ಮೂಟೆ 100ರ ತಂತಿಯ ಮೇಲೆ ಏರಲು ಮಿಲಿಸೆಕೆಂಡಿನ ಎಂಟನೇ ಒಂದು ಭಾಗ ಹಿಡಿಯುತ್ತದೆ. ಗಿಗಾಬಿಟ್‌ನಲ್ಲಿ ಅದರ ಹತ್ತನೇ ಒಂದು ಭಾಗ. ಆಟದ ಸರ್ವರ್ ಮುಂಬೈಯಲ್ಲೋ ಸಿಂಗಪುರದಲ್ಲೋ ಕೂತಿರುವಾಗ ಈ ಉಳಿತಾಯ ಯಾವ ಬೆರಳಿಗೂ ತಿಳಿಯುವಂಥದ್ದಲ್ಲ. ಅವರಿಗೆ ನಿಜವಾಗಿ ಉಪಕಾರ ಮಾಡುವುದು ಪೋರ್ಟಿನ ವೇಗ ಅಲ್ಲ, ತಂತಿ ಇರುವುದೇ. ವೈಫೈನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು; ಅಜ್ಜಿಯ ಧಾರಾವಾಹಿ, ಅಮ್ಮನ ವಾಟ್ಸಪ್, ಪಕ್ಕದ ಮನೆಯವರ ರೂಟರು ಎಲ್ಲ ಒಂದೇ ಗಾಳಿಯಲ್ಲಿ ಸರದಿ ಕಾಯುತ್ತವೆ. ತಂತಿಯಲ್ಲಿ ಹೋಗುವುದೂ ಬರುವುದೂ ಒಟ್ಟಿಗೇ ನಡೆಯುತ್ತದೆ, ಸರದಿ ಇಲ್ಲ. ಅದು 100ರದ್ದಾದರೂ ಅಷ್ಟೇ.

ಒಂದು ಮಾತು ಮಾತ್ರ ಬದಲಾಗಿದೆ. ನಮ್ಮೂರುಗಳಲ್ಲಿ ಮನೆಯ ಪ್ಲಾನೇ 8, 16 ಎಂದಿದ್ದ ಕಾಲದಲ್ಲಿ 100ರ ಪೋರ್ಟು ರಾಜಮಾರ್ಗ. 2019ರ ಸೆಪ್ಟೆಂಬರಿನಲ್ಲಿ ಜಿಯೋ ಫೈಬರ್ ಬಂದಾಗ ಅದರ ಕಡೆಯ ಪ್ಲಾನೇ 100ರಿಂದ ಶುರುವಾಯಿತು. ಅಲ್ಲಿಂದ ಗೋಡೆ ಜನಕ್ಕೆ ಕಾಣತೊಡಗಿತು.

ಪೋರ್ಟಿನ ವೇಗ ಕುತ್ತಿಗೆಗೆ ಬರುವುದು ಬೇರೆ ಕಡೆ: ನಿಮ್ಮದೇ ಕಡತಗಳನ್ನು ನಿಮ್ಮದೇ ಮನೆಯೊಳಗೆ, ಆಫೀಸಿನೊಳಗೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸುವಾಗ. ಸಾಗರದಲ್ಲಿ ನನ್ನ ಗೆಳೆಯನೊಬ್ಬ ಸ್ಟುಡಿಯೊ ಇಟ್ಟಿದ್ದಾನೆ. ಮದುವೆ ಸೀಸನ್ನಿನಲ್ಲಿ ಒಂದು ಮದುವೆಗೆ ಮೂರು ಕ್ಯಾಮೆರಾ, ಒಂದು ಡ್ರೋನ್. ಎಲ್ಲ ಸೇರಿ 200 ಜಿಬಿ ಆಗುವುದು ಮಾಮೂಲು. ಅದನ್ನೆಲ್ಲ ಮೂಲೆಯಲ್ಲಿಟ್ಟ ನೆಟ್‌ವರ್ಕ್ ಸ್ಟೋರೇಜ್ ಡಬ್ಬಿಗೆ ಹಾಕಿ, ಎಡಿಟಿಂಗ್‌ಗೆ ಲ್ಯಾಪ್‌ಟಾಪಿಗೆ ಎಳೆದುಕೊಳ್ಳುತ್ತಾನೆ. ಕೆಲವು ವರ್ಷದ ಹಿಂದೆ ಹೊಸ ಲ್ಯಾಪ್‌ಟಾಪ್ ತಂದ. ಒಳ್ಳೆ ಪ್ರೊಸೆಸರು, ಒಳ್ಳೆ ಪರದೆ. ಎರಡನೇ ದಿನ ಫೋನು: “ಎಂಥ ಮಾರಾಯ ಇದು, ಸಂಜೆ ಆರಕ್ಕೆ ಕಾಪಿ ಹಾಕಿ ಊಟ ಮಾಡಿ ಬಂದ್ರೂ ಅರ್ಧ ಆಗ್ಲಿಲ್ಲ!”

ಅದರ ಪೋರ್ಟು 100ರದ್ದು. ಲೆಕ್ಕ ಸರಳ. ಪೋರ್ಟಿನ ಅಂಕಿ ಬಿಟ್‌ಗಳಲ್ಲಿ, ನಮ್ಮ ಕಡತಗಳ ಅಂಕಿ ಬೈಟ್‌ಗಳಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹನ್ನೊಂದು ಚಿಲ್ಲರೆ ಎಂಬಿ. 200 ಜಿಬಿ ಸಾಗಲು ಹತ್ತಿರ ಹತ್ತಿರ ಐದು ಗಂಟೆ. ಅದೇ ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ ಮೇಲೆ, ಅರ್ಧ ಗಂಟೆ. ಸೆಕೆಂಡಿಗೆ ಸಾವಿರಗಟ್ಟಲೆ ಎಂಬಿ ಓದಿ ಬರೆಯುವ ಎಸ್‌ಎಸ್‌ಡಿ ಹಾಕಿ, ಅದರ ಪಕ್ಕದಲ್ಲಿ ಹನ್ನೊಂದರ ಪೋರ್ಟು ಕೂರಿಸಿದ್ದ ಕಂಪನಿಯನ್ನು ಏನೆನ್ನಬೇಕು? ಹತ್ತಂಕಣದ ಮನೆ ಕಟ್ಟಿ ಬಗ್ಗಿ ನುಸುಳುವ ಬಾಗಿಲು ಇಟ್ಟಂತೆ. 100ರ ಮತ್ತು 1000ದ ಚಿಪ್‌ಗಳ ಬೆಲೆಯ ವ್ಯತ್ಯಾಸ, ಲ್ಯಾಪ್‌ಟಾಪಿನ ಬೆಲೆಯ ಮುಂದೆ, ಚಹಾ ಕಾಸು. ನನ್ನ ಅಭಿಪ್ರಾಯ ಕೇಳಿದರೆ, ವಿವರಪಟ್ಟಿಯಲ್ಲಿ 10/100 ಎಂದು ಕಂಡಕೂಡಲೇ ನಾನು ಹುಷಾರಾಗುವುದು ವೇಗದ ಚಿಂತೆಗಲ್ಲ. ಕಾಣದ ಈ ಜಾಗದಲ್ಲೇ ಇಷ್ಟು ಕೈ ಹಿಡಿತ ಮಾಡಿದವರು ಕೀಲಿನಲ್ಲಿ, ಫ್ಯಾನಿನಲ್ಲಿ, ಚಾರ್ಜರ್ ಪಿನ್ನಿನಲ್ಲಿ ಇನ್ನೆಷ್ಟು ಮಾಡಿರಬಹುದು ಎಂಬ ಅನುಮಾನಕ್ಕೆ.

ಇದರಲ್ಲಿ ಇನ್ನೂ ನಗು ತರಿಸುವುದು ಇಸವಿಗಳು. ತಾಮ್ರದ ಮಾಮೂಲಿ ವೈರಿನ ಮೇಲೆ ಗಿಗಾಬಿಟ್ ಓಡಿಸುವ ನಿಯಮ ಸಿದ್ಧವಾದದ್ದು 1999ರಲ್ಲಿ. 2001ರಲ್ಲೇ ಆಪಲ್ ತನ್ನ ಪವರ್‌ಬುಕ್ ಜಿ4ರಲ್ಲಿ ಗಿಗಾಬಿಟ್ ಪೋರ್ಟು ಕೊಟ್ಟಿತ್ತು. ಅದಾಗಿ ಹತ್ತು ಹನ್ನೆರಡು ವರ್ಷದ ಮೇಲೂ ಅಗ್ಗದ ಲ್ಯಾಪ್‌ಟಾಪುಗಳು 100ರ ಚಿಪ್ ಹೊತ್ತು ಬರುತ್ತಿದ್ದವು. ಅದೇ ಆಪಲ್ 2008ರ ಜನವರಿಯಲ್ಲಿ ಮ್ಯಾಕ್‌ಬುಕ್ ಏರ್ ಅನ್ನು ಕಾಗದದ ಲಕೋಟೆಯಿಂದ ಹೊರತೆಗೆದು ತೋರಿಸಿ ಜಗತ್ತನ್ನು ಬೆರಗುಗೊಳಿಸಿತು. ತೆಳುವಾಗುವ ಭರದಲ್ಲಿ ಲ್ಯಾನ್ ಪೋರ್ಟು ಮಾಯ. ಬೇಕಾದವರು ಬೇರೆ ದುಡ್ಡು ಕೊಟ್ಟು ಯುಎಸ್‌ಬಿ ಡಾಂಗಲ್ ಕೊಳ್ಳಬೇಕಿತ್ತು. ಆ ಡಾಂಗಲ್‌ನ ವೇಗ? 100.

ಪೋರ್ಟು ಮಾಯವಾದದ್ದಕ್ಕೆ ಕಾರಣ ಜಿಪುಣತನ ಒಂದೇ ಅಲ್ಲ, ಒಪ್ಪಬೇಕು. ಲ್ಯಾನ್ ಪ್ಲಗ್ಗಿನ ತಲೆ ಇರುವುದೇ ದಪ್ಪ. ಇವತ್ತಿನ ಲ್ಯಾಪ್‌ಟಾಪಿನ ಅಂಚು ಅದಕ್ಕಿಂತ ತೆಳು. ಕೆಲವು ಕಂಪನಿಗಳು ಮೊಸಳೆ ಬಾಯಿಯಂತೆ ಕೆಳದವಡೆ ತೆರೆದುಕೊಳ್ಳುವ ಪೋರ್ಟು ಮಾಡಿವೆ. ಬಹಳ ಜಾಣ ಉಪಾಯ. ಹಾಕುವಾಗ ಚೆಂದ, ತೆಗೆಯುವಾಗ ಮೂರು ಕೈ ಬೇಕು. ಒಂದು ದವಡೆ ಮುರಿದದ್ದನ್ನು ನಾನೇ ರಬ್ಬರ್ ಬ್ಯಾಂಡ್ ಸುತ್ತಿ ಒಂದು ವರ್ಷ ಓಡಿಸಿದ್ದೇನೆ.

ಸಾಗರದ ಗೆಳೆಯನಿಗೆ ಲ್ಯಾಪ್‌ಟಾಪ್ ಬದಲಾಯಿಸು ಎನ್ನಲಿಲ್ಲ. ಸಾವಿರ, ಸಾವಿರದೈನೂರರ ಆಸುಪಾಸಿನಲ್ಲಿ ಸಿಗುವ ಯುಎಸ್‌ಬಿ 3ರ ಗಿಗಾಬಿಟ್ ಡಾಂಗಲ್ ತರಿಸಲು ಹೇಳಿದೆ. ತಂದ. ಮತ್ತೆ ಫೋನು: “ಸುಧಾರಿಸ್ತು, ಆದ್ರೆ ನೀ ಹೇಳಿದಷ್ಟಿಲ್ಲ.” ಸೆಕೆಂಡಿಗೆ ಮೂವತ್ತು ಚಿಲ್ಲರೆ ಎಂಬಿ ಬರುತ್ತಿತ್ತು. ಡಾಂಗಲ್ಲನ್ನು ಬಲಗಡೆಯ ಯುಎಸ್‌ಬಿಗೆ ಚುಚ್ಚಿದ್ದ, ಅದು ಹಳೆಯ ಯುಎಸ್‌ಬಿ 2. ಎಡಗಡೆ ನೀಲಿ ನಾಲಿಗೆಯ ಕಿಂಡಿ ಇದೆಯಲ್ಲ, ಅದಕ್ಕೆ ಹಾಕು ಎಂದೆ. ಆಮೇಲೆ ಅವನಿಂದ ಫೋನು ಬಂದದ್ದು ಮಗಳ ನಾಮಕರಣಕ್ಕೆ ಕರೆಯಲು. ಇಲ್ಲೊಂದು ಎಚ್ಚರಿಕೆ: ಅಂಗಡಿಯಲ್ಲಿ ಮುನ್ನೂರು ರೂಪಾಯಿಗೂ ಲ್ಯಾನ್ ಡಾಂಗಲ್ ಇರುತ್ತದೆ. ಅದು ಯುಎಸ್‌ಬಿ 2ರದ್ದು, 100ರದ್ದು. ಗೋಡೆಯನ್ನು ದುಡ್ಡು ಕೊಟ್ಟು ಮನೆಗೆ ತಂದಂತೆ. ವೈರಿನಲ್ಲೂ ಅಷ್ಟೇ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕ್ಯಾಟ್6 ಎಂದು ಬರೆದ ವೈರು ಅರ್ಧ ಬೆಲೆಗೆ ಕಂಡರೆ ತುದಿ ಕೆರೆದು ನೋಡಿ. ಮೇಲೆ ತಾಮ್ರದ ಲೇಪ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ.

ಈಗ 2.5 ಗಿಗಾಬಿಟ್‌ನ ಕಾಲ. ಆಟದ ಲ್ಯಾಪ್‌ಟಾಪುಗಳ ಡಬ್ಬದ ಮೇಲೆ ಅದು ಹೊಳೆಯುವ ಅಕ್ಷರದಲ್ಲಿರುತ್ತದೆ. ಇದರ ಹುಟ್ಟು ಸ್ವಾರಸ್ಯದ್ದು. 2006ರ ಹೊತ್ತಿಗೇ ತಾಮ್ರದ ಮೇಲೆ 10 ಗಿಗಾಬಿಟ್ ಸಿದ್ಧವಾಗಿತ್ತು, ಆದರೆ ಅದಕ್ಕೆ ಇನ್ನೂ ಒಳ್ಳೆ ವೈರು ಬೇಕು. ಆಫೀಸುಗಳ ಗೋಡೆಯೊಳಗೆ ಹೂತಿದ್ದುದು ಹಳೆ ಕ್ಯಾಟ್5ಇ ವೈರು. ಅಷ್ಟರಲ್ಲಿ ವೈಫೈ ಡಬ್ಬಿಗಳೇ ಗಿಗಾಬಿಟ್ ಮೀರತೊಡಗಿದವು. ಗೋಡೆ ಒಡೆಯದೆ ಅದೇ ವೈರಿನಲ್ಲಿ ಹೆಚ್ಚು ಓಡಿಸಲು 2016ರಲ್ಲಿ 2.5 ಮತ್ತು 5 ಗಿಗಾಬಿಟ್‌ನ ನಿಯಮ ಬಂತು. ವೈಫೈಗಾಗಿ ವೈರಿನ ವೇಗ ಏರಿತು ಎಂದಾಯಿತು. ಮನೆಯಲ್ಲಿ ಇದರ ಸುಖ ಸಿಗಬೇಕಾದರೆ ಸ್ವಿಚ್ಚು, ಸ್ಟೋರೇಜ್ ಡಬ್ಬಿ ಎಲ್ಲವೂ 2.5 ಇರಬೇಕು, ಡಬ್ಬಿಯೊಳಗಿನ ಡಿಸ್ಕುಗಳೂ ಅಷ್ಟು ವೇಗಕ್ಕೆ ಕೊಡಬೇಕು. ತಿರುಗುವ ಹಾರ್ಡ್‌ಡಿಸ್ಕ್ ಒಂದೇ ಇದ್ದರೆ ಗಿಗಾಬಿಟ್‌ಗಿಂತ ಸ್ವಲ್ಪ ಮೇಲೆ ಹೋಗಿ ಅದೇ ಏದುಸಿರು ಬಿಡುತ್ತದೆ. ಸ್ಟುಡಿಯೊದವರಿಗೆ ಸರಿ. ಉಳಿದವರಿಗೆ ಅದು ಬಂದರೆ ಬರಲಿ, ಅದಕ್ಕಾಗಿ ಒಂದು ರೂಪಾಯಿ ಹೆಚ್ಚು ಕೊಡಬೇಡಿ.

ಕಾಲೇಜು ಲ್ಯಾಬು, ಬ್ಯಾಂಕು, ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವರದ್ದು ಬೇರೆ ಮಾತು. ನಲವತ್ತು ಯಂತ್ರಕ್ಕೆ ನೆಟ್‌ವರ್ಕಿನಿಂದಲೇ ವಿಂಡೋಸ್ ತುಂಬಿಸುವವರಿಗೆ ಲ್ಯಾಪ್‌ಟಾಪಿಗೇ ಅಂಟಿಕೊಂಡ ಪೋರ್ಟು ಬೇಕು. ಡಾಂಗಲ್ ನಂಬಿ ಆ ಕೆಲಸಕ್ಕೆ ಹೊರಟವರ ಭಾನುವಾರ ಹಾಳು.

ಕಡುಬು ತಿಂದು ಜಗಲಿಯಲ್ಲಿ ಕೂತು ಹುಡುಗನಿಗೆ ಇಷ್ಟನ್ನೂ ಹೇಳುತ್ತಿದ್ದಾಗ ಆಗುಂಬೆ ಕಡೆಯಿಂದ ಗುಡುಗು ಸುರುವಾಯಿತು. ತಂಗಿ ಒಳಗಿಂದ ಬಂದವಳೇ ಟಿವಿಯದ್ದು, ಫ್ರಿಜ್ಜಿನದ್ದು, ಫೈಬರ್ ಡಬ್ಬಿಯದ್ದು ಪ್ಲಗ್ ಕಿತ್ತು, ನಾನು ಅರ್ಧ ಗಂಟೆ ಕೂತು ಕಟ್ಟಿದ ಲ್ಯಾನ್ ವೈರನ್ನೂ ಎಳೆದು ಹಾಕಿದಳು. “ಅಮ್ಮ, ಫೈಬರ್ ಗಾಜಿಂದು, ಅದರಲ್ಲಿ ಕರೆಂಟ್ ಬರಲ್ಲ” ಎಂದು ಮಗ ಪಾಠ ಹೇಳಲು ಹೋದ. ಫೈಬರ್ ಗಾಜಿನದು, ನಿಜ. ಆದರೆ ಸೂರಿನ ಕೆಳಗೆ ಹೊರಗಿಂದ ಹೋದ ಲ್ಯಾನ್ ವೈರು ತಾಮ್ರದ್ದು. ಹತ್ತಿರ ಎಲ್ಲೋ ಸಿಡಿಲು ಬಡಿದರೆ ಸಾಕು, ಅದರಲ್ಲಿ ಹುಟ್ಟುವ ವಿದ್ಯುತ್ತು ಎರಡೂ ತುದಿಯ ಪೋರ್ಟು ಸುಟ್ಟೀತು. ಬೆಂಗಳೂರಿನಲ್ಲಿ ತಾರಸಿಯಿಂದ ತಾರಸಿಗೆ ಲ್ಯಾನ್ ವೈರು ಎಳೆದು ಇಂಟರ್ನೆಟ್ ಕೊಡುತ್ತಿದ್ದ ದಿನಗಳಲ್ಲಿ ಪ್ರತಿ ಮೇ ತಿಂಗಳ ಮಳೆಗೂ ಎಷ್ಟು ಪೋರ್ಟು ಕರಕಲಾಗುತ್ತಿದ್ದವು ಎಂದು ಆಗಿನ ಕೇಬಲ್ ಹುಡುಗರನ್ನು ಕೇಳಬೇಕು. ನಾನು ತಂಗಿಯ ಪಕ್ಷ ವಹಿಸಿದೆ. ಸಿಡಿಲಿಗೆ ಡಾಂಗಲ್ ಹೋದರೆ ಸಾವಿರ ರೂಪಾಯಿ, ಒಳಗಿನ ಪೋರ್ಟು ಹೋದರೆ ಮದರ್‌ಬೋರ್ಡ್ ಎಂಬುದು ಆಗಲೇ ನನಗೆ ಹೊಳೆದದ್ದು. ಪೋರ್ಟಿಲ್ಲದ ಲ್ಯಾಪ್‌ಟಾಪಿನ ಪರವಾಗಿ ನಾನು ಹೇಳಬಲ್ಲ ಒಂದೇ ಒಂದು ಮಾತು ಅದು.

ಹುಡುಗ ಮೂರು ವಾರ ಬಿಟ್ಟು ತೆಳು ಲ್ಯಾಪ್‌ಟಾಪನ್ನೇ ಕೊಂಡ. ಉಳಿದ ನಾಲ್ಕು ಸಾವಿರದಲ್ಲಿ ಒಂದು ಗಿಗಾಬಿಟ್ ಡಾಂಗಲ್ ತೆಗೆದುಕೊಂಡು, ಮಿಕ್ಕಿದ್ದನ್ನು ರ‍್ಯಾಮ್‌ಗೆ ಹಾಕಿದ. ಅವನು ಹಾಸ್ಟೆಲ್ಲಿಗೆ ಮರಳಿದ ಮೇಲೆ ಮೊನ್ನೆ ಫೋನ್ ಮಾಡಿ, ಹೊಸತರಲ್ಲಿ ಲ್ಯಾನ್ ಸ್ಪೀಡ್ ಎಷ್ಟು ಬರ್ತಿದೆಯೋ ಎಂದು ಕೇಳಿದೆ. ನೋಡಿಲ್ಲ ಮಾವ ಎಂದ. ಡಾಂಗಲ್ಲನ್ನು ಹಾಸ್ಟೆಲ್ಲಿನ ಪಕ್ಕದ ರೂಮಿನವನು ಒಯ್ದಿದ್ದಾನಂತೆ, ಅವನಿಗೆ 94ಕ್ಕಿಂತ ಮೇಲೆ ಬರುತ್ತಿಲ್ಲವಂತೆ.